ಕಿರಿದಾದ ಘಾಟಿ ರಸ್ತೆಯಲ್ಲಿ ದಾರಿ ಬಿಡಬೇಕಾದವರು ಯಾರು?

ಮುಳ್ಳಯ್ಯನಗಿರಿಯ ಇಕ್ಕಟ್ಟಾದ ತಿರುವಿನಲ್ಲಿ ಎರಡು ಕಾರುಗಳು ಎದುರಾದರೆ ಯಾರು ದಾರಿ ಬಿಡಬೇಕೆಂದು ಕೇಳಿದ್ದೀರಿ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಎರಡು ವಾಹನಗಳು ಸುರಕ್ಷಿತವಾಗಿ ಹಾದುಹೋಗುವಷ್ಟು ಅಗಲವಿಲ್ಲದ ಕಡಿದಾದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಆದ್ಯತೆಯಿದ್ದು, ಇಳಿಯುತ್ತಿರುವವರು ಬದಿಗೆ ನಿಲ್ಲಿಸಿ ದಾರಿ ಬಿಡಬೇಕು.

ಇದಕ್ಕೆ ಬಲವಾದ ಕಾರಣವಿದೆ. ಏರಿನಲ್ಲಿ ನಿಂತ ಕಾರನ್ನು ಮತ್ತೆ ಹೊರಡಿಸುವಾಗ, ಬ್ರೇಕಿನಿಂದ ಕಾಲು ತೆಗೆದು ಕ್ಲಚ್ ಹಿಡಿತಕ್ಕೆ ಬರುವಷ್ಟರಲ್ಲಿ ಅದು ಹಿಂದಕ್ಕೆ ಜಾರುವ ಸಂಭವವಿರುತ್ತದೆ. ಬೆನ್ನಿಗೇ ಬೈಕಿನವರಿದ್ದರೆ ಪೆಟ್ಟು ಬೀಳುವುದು ಅವರಿಗೆ. ಹಾಗೆ ನಿಲ್ಲಲೇಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕಾರು ಮುಂದಕ್ಕೆ ತುಡಿಯತೊಡಗಿದ ಮೇಲೆಯೇ ಅದನ್ನು ಬಿಡಬೇಕು. ಆದರೂ ಇಳಿಯುವವರ ಹಿಂದೆ ವಾಹನಗಳು ಸಾಲುಗಟ್ಟಿದ್ದು, ಏರುವವರ ಹಿಂದೆ ನಾಲ್ಕು ಮಾರು ದೂರದಲ್ಲೇ ಅಗಲವಾದ ಜಾಗವಿದ್ದರೆ, ಆದ್ಯತೆಯ ಪಟ್ಟು ಹಿಡಿಯದೆ ಏರುವವರೇ ಸರಿದು ನಿಲ್ಲುವುದು ವಿವೇಕವೆಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸವಿದ್ದರೆ ದಯವಿಟ್ಟು ಕೈಬಿಡಿ. ಎಂಜಿನ್ ನಿಂತರೆ, ಬ್ರೇಕ್ ಹಗುರವಾಗಿ ಒತ್ತಲು ಎಂಜಿನ್‌ನ ಗಾಳಿಯೆಳೆತದಿಂದ ಸಿಗುವ ನೆರವು (ನಿರ್ವಾತ, ಅಂದರೆ ವ್ಯಾಕ್ಯೂಮ್) ನಾಲ್ಕಾರು ಬಾರಿ ಒತ್ತುವಷ್ಟರಲ್ಲಿ ಮುಗಿದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಏರಲು ಯಾವ ಗೇರ್ ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಿರಿ.