ಒಂದು ಸಣ್ಣ ಕಥೆಗೆ ಮೂರು ವಾರ ಯಾಕೆ?

ಶಿವಮೊಗ್ಗದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಫ್ರಾನ್ಸಿನಲ್ಲಿ ಫ್ರೆಂಚ್ ಸಾಹಿತ್ಯ ಓದುತ್ತಿದ್ದಾಳೆ. ಅಲ್ಲಿ ತರಗತಿಯಲ್ಲಿ ಫ್ರೆಂಚ್ ಕಥೆಗಾರ ಮೊಪಾಸಾನ ವಜ್ರದ ಹಾರದ ಕಥೆ ಒಂದಕ್ಕೇ ಮೂರು ವಾರ ಕಳೆದರಂತೆ. "ಅಷ್ಟು ಹೊತ್ತಿನಲ್ಲಿ ಮೂವತ್ತು ಕಥೆ ಓದಬಹುದಿತ್ತು. ಕೊನೆ ಏನು ಅಂತ ಗೊತ್ತಾದ ಮೇಲೆ ಇನ್ನೇನು ಉಳಿಯುತ್ತೆ? ಹೀಗೆ ಕೊಯ್ದು ಕೊಯ್ದು ನೋಡಿದರೆ ಕಥೆ ಸಾಯೋದಿಲ್ವಾ? ಮಗಳಿಗೂ ಬೇಜಾರಾಗಿದೆ. ಅವಳ ಜೊತೆ ನಾನೂ ಒಂದು ಕಥೆ ಹೀಗೆ ಓದಬೇಕು ಅಂತಿದ್ದೇನೆ, ಯಾವುದು ಓದಲಿ?" ಎಂದು ಕೇಳಿದ್ದಾರೆ.

ನಮಸ್ಕಾರ ಸಾರ್. ಸುತ್ತಿ ಬಳಸಿ ಹೇಳೋದಿಲ್ಲ. ಮೂರು ವಾರ ಜಾಸ್ತಿ ಅಲ್ಲ.

ಆ ಕಥೆಯನ್ನೇ ನೋಡಿ. ಗುಮಾಸ್ತನೊಬ್ಬನ ಹೆಂಡತಿ ಒಂದು ರಾತ್ರಿಯ ಔತಣಕ್ಕೆಂದು ಗೆಳತಿಯಿಂದ ವಜ್ರದ ಹಾರ ಕೇಳಿ ತರುತ್ತಾಳೆ, ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ ಬಾಯಿ ಬಿಡದೆ 36,000 ಫ್ರಾಂಕ್ ಹೊಂದಿಸಿ ಅಂಥದ್ದೇ ಇನ್ನೊಂದು ಹಾರ ಕೊಂಡು ವಾಪಸ್ ಕೊಡುತ್ತಾರೆ. ಸಾಲ ತೀರಿಸೋದರಲ್ಲಿ ಹತ್ತು ವರ್ಷ ಹೋಗುತ್ತೆ. ಆಮೇಲೊಂದು ದಿನ ಗೆಳತಿ ಸಿಕ್ಕಿ, ನನ್ನ ಹಾರ ನಕಲಿ ಕಣೇ, ಹೆಚ್ಚೆಂದರೆ 500 ಫ್ರಾಂಕ್ ಬಾಳುತ್ತಿತ್ತು ಅನ್ನುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತೆ. ಮೊದಲ ಸಲ ಓದುವಾಗ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ.

ಈಗ ಕಥೆಯ ನಡುವೆ ಒಂದು ಕಡೆ ನಿಲ್ಲಿ. ಹಾರ ಕಳೆದ ಮೇಲೆ ಅವರು ಖಾಲಿ ಪೆಟ್ಟಿಗೆ ಹಿಡಿದುಕೊಂಡು, ಅದರೊಳಗೆ ಹೆಸರಿದ್ದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಲೆಕ್ಕದ ಪುಸ್ತಕ ತೆಗೆದು ನೋಡಿ, ಹಾರ ಮಾರಿದ್ದು ನಾನಲ್ಲ, ಪೆಟ್ಟಿಗೆ ಮಾತ್ರ ನಮ್ಮಲ್ಲಿಂದ ಹೋಗಿರಬೇಕು ಅನ್ನುತ್ತಾನೆ. ಅಷ್ಟೇ. ವಜ್ರದಂಗಡಿಯ ಪೆಟ್ಟಿಗೆಯಲ್ಲಿ ಬೇರೆಲ್ಲಿಂದಲೋ ತಂದ ಹಾರ ಇತ್ತು! ಯಾಕೆ ಅಂತ ಆ ಇಬ್ಬರೂ ಯೋಚಿಸೋದಿಲ್ಲ, ಗಾಬರಿಯಲ್ಲಿ ಮುಂದಿನ ಅಂಗಡಿಗೆ ಓಡುತ್ತಾರೆ, ಅವರ ಹಿಂದೆ ನಾವೂ ಓಡುತ್ತೇವೆ. ಹೊಸ ಹಾರ ಹಿಂದಿರುಗಿಸುವಾಗ ಗೆಳತಿ ಎಲ್ಲಿ ಪೆಟ್ಟಿಗೆ ತೆಗೆದು ನೋಡಿಬಿಡುತ್ತಾಳೋ ಎಂದು ಇವಳಿಗೆ ನಡುಕ. ಆದರೆ ಅವಳು ತೆಗೆಯೋದೇ ಇಲ್ಲ. ಮೊದಲು ಹಾರ ಕೇಳಿದಾಗಲೂ ಅವಳು ಒಂದು ಕ್ಷಣ ಹಿಂದೆ ಮುಂದೆ ನೋಡಿರಲಿಲ್ಲ, ಧಾರಾಳವಾಗಿ ತಗೋ ಅಂದಿದ್ದಳು.

ಅಂದರೆ ಕೊನೆಯ ಸಾಲಿನ ಗುಟ್ಟನ್ನು ಮೊಪಾಸಾ ಮೊದಲೇ ನಮ್ಮ ಕಣ್ಣೆದುರು ಇಟ್ಟಿದ್ದ. ಇದು 1884ರ ಫೆಬ್ರವರಿಯಲ್ಲಿ 'ಲ ಗೊಲ್ವಾ' ಅನ್ನೋ ದಿನಪತ್ರಿಕೆಯಲ್ಲಿ ಬಂದ ಕಥೆ. ಒಮ್ಮೆ ಓದಿ ಮಡಚಿಡುವ ಕಾಗದದ ಮೇಲೆ ಇಷ್ಟು ಕಾಳಜಿಯಿಂದ ಬರೆದವನನ್ನು ನೆನೆದರೆ ನನಗೆ ಈಗಲೂ ರೋಮಾಂಚನ ಆಗುತ್ತೆ. ಕೊನೆ ಗೊತ್ತಾದ ಮೇಲೆ ಏನು ಉಳಿಯುತ್ತೆ ಅಂತ ಕೇಳಿದಿರಲ್ಲ, ಆ ಅಂಗಡಿಯವನ ಮಾತು ಕಿವಿಗೆ ಬೀಳೋದೇ ಕೊನೆ ಗೊತ್ತಾದ ಮೇಲೆ. ಮೂವತ್ತು ಕಥೆಗಳನ್ನು ಒಂದೊಂದು ಸಲ ಓದಿ ಮುಂದಕ್ಕೆ ಹೋದರೆ ಅದು ಸಿಕ್ಕೋದಿಲ್ಲ.

ನಿಮ್ಮೂರಿನ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಕೇಳಿರುತ್ತೀರಿ. ಕುಮಾರವ್ಯಾಸನ ಒಂದು ಪದ್ಯ ಹಾಡಿ, ವ್ಯಾಖ್ಯಾನಕಾರರು ಅದರ ಮೇಲೆ ಎಷ್ಟು ಹೊತ್ತು ಮಾತಾಡಿದರೂ ಪದ್ಯ ಸತ್ತುಹೋಯಿತು ಅಂತ ಯಾರೂ ಎದ್ದು ಹೋಗೋದಿಲ್ಲ, ಅಲ್ವಾ? ಫ್ರಾನ್ಸಿನ ಶಾಲೆಗಳಲ್ಲೂ ಅಂಥದ್ದೊಂದು ರೂಢಿ ಇದೆ, 'ಎಕ್ಸ್‌ಪ್ಲಿಕಾಸಿಯೋಂ ದ ತೆಕ್ಸ್ತ್' ಅಂತ, ಅಂದರೆ ಪಠ್ಯದ ವಿವರಣೆ. ಹದಿನಾರು ಹದಿನೇಳರ ಮಕ್ಕಳು ಬಾಕಲೋರಿಯಾ ಅನ್ನೋ ಶಾಲಾಂತ್ಯದ ಪರೀಕ್ಷೆಯಲ್ಲಿ ಒಂದು ತುಣುಕನ್ನು ಗಟ್ಟಿಯಾಗಿ ಓದಬೇಕು, ಸಾಲು ಸಾಲಾಗಿ ವಿವರಿಸಬೇಕು, ಆಮೇಲೆ ವ್ಯಾಕರಣದ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ನಿಮ್ಮ ಮಗಳ ಜೊತೆ ಕೂತಿರುವ ಅಲ್ಲಿನ ಹುಡುಗರು ಇದನ್ನು ದಾಟಿ ಬಂದವರು. ಅವಳಿಗೆ ಈ ಅಭ್ಯಾಸ ಹೊಸದು, ಬೇಜಾರಾಗೋದು ಸಹಜ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಇದು ಎಲ್ಲಿಯವರೆಗೆ ಹೋಗಿದೆ ಗೊತ್ತಾ? ವಿಮರ್ಶಕ ರೋಲಾಂ ಬಾರ್ತ್ 1968–69ರಲ್ಲಿ ಪ್ಯಾರಿಸ್ಸಿನ ಸೆಮಿನಾರಿನಲ್ಲಿ ಕಾದಂಬರಿಕಾರ ಬಾಲ್ಜಾಕನ 'ಸರಾಸಿನ್' ಅನ್ನೋ ಒಂದೇ ನೀಳ್ಗಥೆಯನ್ನು 561 ತುಣುಕು ಮಾಡಿ ಓದಿದರು, 1970ರಲ್ಲಿ ಅದೇ ಪುಸ್ತಕವಾಯಿತು. ಗ್ರೇಮಾಸ್ ಅನ್ನುವ ಭಾಷಾವಿದ್ವಾಂಸರು ಮೊಪಾಸಾನ ಕೆಲವೇ ಪುಟಗಳ 'ಇಬ್ಬರು ಗೆಳೆಯರು' ಕಥೆಯ ಮೇಲೆ 1976ರಲ್ಲಿ ಇಡೀ ಒಂದು ಪುಸ್ತಕ ಬರೆದರು. ಇವುಗಳ ಪರಿಭಾಷೆ ಕಷ್ಟ. ಬಾರ್ತ್ ಓದುವಾಗ ನನಗೆ ಸಿಗುವ ಖುಷಿ ಗ್ರೇಮಾಸ್ ಓದುವಾಗ ಸಿಗೋದಿಲ್ಲ.

ನಿಮ್ಮ ಆತಂಕದಲ್ಲಿ ಹುರುಳಿಲ್ಲ ಅಂತಲ್ಲ. ಇಲ್ಲಿ ರೂಪಕ, ಇಲ್ಲಿ ವ್ಯಂಗ್ಯ, ಇಲ್ಲಿ ಭೂತಕಾಲ ಅಂತ ಪಟ್ಟಿ ಮಾಡಿ ಅಂಕ ತಗೊಂಡು ಬರುವ ಓದು ಎಲ್ಲ ಕಡೆಯೂ ಇದೆ. ಅದರಿಂದ ಕಥೆ ಬಡವಾಗುತ್ತೆ. ಗುರುತು ಹಾಕಿದ ಮೇಲೆ 'ಅದರಿಂದ ಏನಾಯಿತು' ಅಂತ ಕೇಳಲೇಬೇಕು. ಫ್ರೆಂಚ್ ಕಾದಂಬರಿಕಾರ ಫ್ಲೊಬೇರನ 1877ರ ಕಥೆ 'ಒಂದು ಸರಳ ಹೃದಯ' ಶುರುವಾಗೋದು ಹೀಗೆ: ಅರ್ಧ ಶತಮಾನ ಕಾಲ ಪೋಂ ಲೆವೆಕ್ ಊರಿನ ಹೆಂಗಸರು ಒಬ್ಬ ಯಜಮಾನಿಯನ್ನು ನೋಡಿ ಹೊಟ್ಟೆಕಿಚ್ಚು ಪಟ್ಟರು, ಅವಳ ಕೆಲಸದವಳು ಫೆಲಿಸಿತೆಯ ಕಾರಣಕ್ಕೆ. ವರ್ಷಕ್ಕೆ 100 ಫ್ರಾಂಕಿಗೆ ಅವಳು ಅಡುಗೆ, ಹೊಲಿಗೆ, ಬಟ್ಟೆ ಒಗೆಯೋದು, ಇಸ್ತ್ರಿ, ಬೆಣ್ಣೆ ಕಡೆಯೋದು ಎಲ್ಲ ಮಾಡುತ್ತಾಳೆ. ಯಜಮಾನಿಗೆ ನಿಷ್ಠಳಾಗಿಯೂ ಇರುತ್ತಾಳೆ. ಆ ಯಜಮಾನಿ ಅಷ್ಟೇನೂ ಒಳ್ಳೆಯ ಸ್ವಭಾವದವಳಲ್ಲ ಅನ್ನೋದನ್ನು ಫ್ಲೊಬೇರ್ ಕೊನೆಗೆ ಸುಮ್ನೆ ಸೇರಿಸುತ್ತಾನೆ. ಅಯ್ಯೋ ಪಾಪ ಅನ್ನುವ ಒಂದು ಪದವೂ ಇಲ್ಲ. ಆದರೂ ಐವತ್ತು ವರ್ಷದ ದುಡಿಮೆ ಬೇರೆ ಹೆಂಗಸರ ಅಸೂಯೆಯ ಮೂಲಕವೇ ನಮ್ಮ ಮುಂದೆ ಬರುತ್ತೆ, ಫೆಲಿಸಿತೆ ಯಾರದೋ ಸೊತ್ತಿನ ಹಾಗೆ ಕಥೆಯೊಳಗೆ ಕಾಲಿಡುತ್ತಾಳೆ. ಇದನ್ನು ನೋಡೋಕೆ ಹೆಸರುಗಳ ಪಟ್ಟಿ ಬೇಡ, ನಿಧಾನ ಬೇಕು.

ಮಗಳ ಜೊತೆ ಓದೋಕೆ 'ಇಬ್ಬರು ಗೆಳೆಯರು' ತಗೊಳ್ಳಿ, ಗ್ರೇಮಾಸ್ ಪುಸ್ತಕ ಸದ್ಯ ಪಕ್ಕಕ್ಕಿರಲಿ. ಪ್ರಷ್ಯನ್ನರು, ಅಂದರೆ ಜರ್ಮನರ ಸೈನ್ಯ, ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ್ದ ಹೊತ್ತಿನಲ್ಲಿ ಇಬ್ಬರು ಗೆಳೆಯರು ಮೀನು ಹಿಡಿಯೋಕೆ ಹೋಗಿ ಸಿಕ್ಕಿಬೀಳುವ ಕಥೆ. ಅವಳು ಫ್ರೆಂಚಿನಲ್ಲಿ ಓದಲಿ, ನೀವು ಅನುವಾದದಲ್ಲಿ. ಮೊದಲ ಸಲ ನಿಲ್ಲದೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು, ಆ ಮೀನುಗಳು ಬರುವ ಕಡೆಯೆಲ್ಲ ಗೆರೆ ಎಳೆಯಿರಿ. ಪ್ರತಿ ಸಲವೂ ಅವು ಯಾರ ಕೈಯಲ್ಲಿವೆ, ಅವನ್ನು ನೋಡುತ್ತಿರುವವರು ಯಾರು ಅಂತ ಅಂಚಿನಲ್ಲಿ ಬರೆದುಕೊಳ್ಳಿ, ಆಮೇಲೆ ಇಬ್ಬರೂ ಫೋನಿನಲ್ಲಿ ಹೋಲಿಸಿ ನೋಡಿ. ನಿಮ್ಮಿಬ್ಬರ ಟಿಪ್ಪಣಿ ಕಳಿಸಿದರೆ ನಾನು ಖಂಡಿತ ಓದುತ್ತೇನೆ.

— ಸಂಪಾದಕ