ಪ್ರಾಕ್ಟೀಸಿನಲ್ಲಿ ಹುಲಿ, ಮ್ಯಾಚಿನಲ್ಲಿ ಇಲಿ: ಮೈಂಡ್‌ಫುಲ್‌ನೆಸ್ ಕಲಿತರೆ ಆಟ ಸುಧಾರಿಸುತ್ತದೆಯೇ?

ಕಂಪ್ಲಿಯಿಂದ ಕೇಳಿದ್ದೀರಿ. ಕಬಡ್ಡಿ ಪ್ರಾಕ್ಟೀಸಿನಲ್ಲಿ ನಿಮ್ಮನ್ನು ಯಾರೂ ಹಿಡಿಯಲ್ಲ, ಮ್ಯಾಚಿನಲ್ಲಿ ಕಾಲೇ ಏಳಲ್ಲ. ಯಾರೋ ಎಂಟು ವಾರದ ಮೈಂಡ್‌ಫುಲ್‌ನೆಸ್ (ಗಮನವನ್ನು ಈಗಿನ ಕ್ಷಣದಲ್ಲೇ ಇಡುವ ಅಭ್ಯಾಸ) ಕೋರ್ಸ್ ಸೇರು ಅಂದಿದ್ದಾರೆ. ದುಡ್ಡು ದಂಡವೇ ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮೊಣಕಾಲು ಕೈಕೊಡುವ ತನಕ ಹನ್ನೊಂದು ವರ್ಷ ಕಬಡ್ಡಿ ರೈಡರ್ ಆಗಿದ್ದೆ. ಈಗ ಸಂಜೆ ಓಣಿಯ ಹುಡುಗರಿಗೆ ಹೇಳಿಕೊಡುತ್ತೇನೆ. ಆ ಅನುಭವದಿಂದ ಹೇಳುವುದಾದರೆ, ಉಪಯೋಗ ಇದೆ. ಹೆದರಿಕೆ ಹೋಗುತ್ತದೆ ಅಂತ ಸೇರಿದರೆ ಮಾತ್ರ ನಿರಾಸೆ ಆಗುತ್ತದೆ.

ನನ್ನದೇ ಕಥೆ ಕೇಳಿ. ಒಂದೂರಿನ ಜಾತ್ರೆ ಟೂರ್ನಮೆಂಟ್, ಫೈನಲ್. ರಾತ್ರಿ ಒಂದೂವರೆ. ಮಣ್ಣಿನ ಕೋರ್ಟು, ಕಣ್ಣಿಗೆ ಹೊಡೆಯುವ ಲೈಟು. ಎರಡು ರೈಡ್ ಖಾಲಿ ಹೋಗಿದ್ದವು, ಮೂರನೆಯದು ನನ್ನದು, ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ಔಟ್. ಮೊದಲ ಅರ್ಧದಲ್ಲಿ ಎಡ ಕಾರ್ನರ್‌ನವನು ನನ್ನ ಆಂಕಲ್, ಅಂದರೆ ಪಾದದ ಗಂಟು, ಹಿಡಿದು ಕೆಡವಿದ್ದ. ಮಿಡ್ ಲೈನ್ ದಾಟುವಾಗ ತಲೆಯಲ್ಲಿ ಒಂದೇ ಮಾತು, 'ಎಡಗಡೆ ಹೋಗಬೇಡ, ಎಡಗಡೆ ಹೋಗಬೇಡ.' ಮದ್ದು ಕುಡಿಯುವಾಗ ಮಂಗನ್ನ ನೆನೆಸಬೇಡ ಅಂದರೆ ಏನಾಗುತ್ತೆ, ಗೊತ್ತಲ್ವಾ? ಕಾಲು ನೆಟ್ಟಗೆ ಎಡಕ್ಕೇ ಹೋಯಿತು. 30 ಸೆಕೆಂಡಿನ ರೈಡು ಹತ್ತೇ ಸೆಕೆಂಡಿಗೆ ಮುಗಿಯಿತು. ಅದೇ ಆಂಕಲ್, ಅದೇ ಹುಡುಗ.

ಆಮೇಲೆ ಎಲ್ಲರೂ ಹೇಳಿದ್ದು ಒಂದೇ: ಧೈರ್ಯ ತಗೋ, ಒಳ್ಳೆಯದನ್ನೇ ಯೋಚಿಸು. ಕ್ರೀಡಾ ಮನಶ್ಶಾಸ್ತ್ರದವರೂ ಬಹಳ ಕಾಲ ಹೆಚ್ಚುಕಡಿಮೆ ಇದನ್ನೇ ಕಲಿಸುತ್ತಿದ್ದರು. 2000ರ ದಶಕದಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಮೂರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮೈಂಡ್‌ಫುಲ್‌ನೆಸ್ ಬಳಸಿ ಇದಕ್ಕೆ ಉಲ್ಟಾ ದಾರಿ ಹಿಡಿದರು. ಹೆದರಿಕೆ ಬಂದರೆ ಬರಲಿ, ಅದರ ಜೊತೆ ಕುಸ್ತಿ ಬೇಡ. ಗಮನ ಮಾತ್ರ ಈಗ ಮಾಡಬೇಕಾದ ಕೆಲಸದ ಮೇಲಿರಲಿ. ಇದನ್ನು ಓದಿದಾಗ ನನಗೆ ಆ ಎಡ ಕಾರ್ನರ್ ನೆನಪಾಯಿತು. ಅವತ್ತು ನಾನು ಆಡಿದ್ದು ನನ್ನ ಹೆದರಿಕೆ ಜೊತೆ. ಎದುರಿಗೆ ನಿಂತ ಏಳು ಜನ ಕಂಡೇ ಇರಲಿಲ್ಲ.

ನೀವು ಹೇಳಿದ ಎಂಟು ವಾರದ ಲೆಕ್ಕ ಬಂದದ್ದು ಆಸ್ಪತ್ರೆಯಿಂದ. ಬೇರು ಬೌದ್ಧ ಧ್ಯಾನದ್ದು. ಜಾನ್ ಕಬಾಟ್-ಜಿನ್ 1979ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ವಾಸಿಯಾಗದ ನೋವಿನ ರೋಗಿಗಳಿಗೆ ಇದನ್ನು ಶುರು ಮಾಡಿದರು. 1984ರ ಒಲಿಂಪಿಕ್ಸ್‌ಗೆ ಹೊರಟ ಅಮೆರಿಕದ ದೋಣಿ ಸ್ಪರ್ಧಿಗಳಿಗೂ ಕಲಿಸಿದರು. ಸಹಾಯ ಆಯಿತು ಅಂತ ಆ ಸ್ಪರ್ಧಿಗಳು ಹೇಳಿದರು, ಆದರೆ ಅದು ಆಟಗಾರರ ಮಾತು, ಅಳತೆ ಅಲ್ಲ. ಆ ಪಾಠದಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನಿಮಿಷಗಟ್ಟಲೆ ನೋಡಿ, ಮೂಸಿ, ನಿಧಾನ ತಿನ್ನುವ ಅಭ್ಯಾಸ ಇದೆ. ನಮ್ಮ ಹುಡುಗರಿಗೆ ಕೊಟ್ಟೆ. ಇನ್ನೊಂದು ಹಿಡಿ ಕೊಡಣ್ಣಾ ಅಂದರು.

ಹಾಗಾಗಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಅಂಜನಾದ್ರಿಗೆ 575 ಮೆಟ್ಟಿಲು. ಬೆಳಿಗ್ಗೆ ಬೇಗ, ಬಿಸಿಲು ಏರುವ ಮುಂಚೆ. ಮಾತಿಲ್ಲ, ಮೊಬೈಲ್ ಇಲ್ಲ. ಒಂದೊಂದೇ ಮೆಟ್ಟಿಲು ಎಣಿಸುತ್ತಾ ಹತ್ತಬೇಕು. ಮನಸ್ಸು ಬೇರೆ ಕಡೆ ಹೋಗಿದೆ ಅಂತ ಗೊತ್ತಾದ ಕೂಡಲೇ ಬೈದುಕೊಳ್ಳದೆ ಮತ್ತೆ ಒಂದರಿಂದ ಶುರು. ಮೇಲೆ ಹೋದಮೇಲೆ ಎಷ್ಟು ಸಲ ತಪ್ಪಿತು ಅಂತ ಹೇಳಬೇಕು. ತಪ್ಪಲೇ ಇಲ್ಲ ಅಂದವನು ಸುಳ್ಳು ಹೇಳುತ್ತಿದ್ದಾನೆ ಅಂತ ಲೆಕ್ಕ. ಮೊದಮೊದಲು ನೂರು ಮೆಟ್ಟಿಲು ದಾಟಿದ ಮೇಲೆ 'ಅಯ್ಯೋ, ಎಣಿಕೆ ಎಲ್ಲಿಗೆ ಬಂತು' ಅನ್ನುತ್ತಿದ್ದರು. ಎರಡು ತಿಂಗಳಿಗೆ ಹತ್ತು ಹದಿನೈದು ಮೆಟ್ಟಿಲಲ್ಲೇ ಗೊತ್ತಾಗತೊಡಗಿತು. ಮನಸ್ಸು ಓಡುವುದು ನಿಂತಿರಲಿಲ್ಲ. ಬೇಗ ವಾಪಸ್ ಬರುತ್ತಿತ್ತು, ಅಷ್ಟೇ. 30 ಸೆಕೆಂಡಿನ ಆಟದಲ್ಲಿ ಎರಡು ಸೆಕೆಂಡಿಗೆ ವಾಪಸ್ ಬರುವವನಿಗೂ ಇಪ್ಪತ್ತು ಸೆಕೆಂಡಿಗೆ ಬರುವವನಿಗೂ ವ್ಯತ್ಯಾಸ ಎಷ್ಟು, ನೀವೇ ನೋಡಿ.

ಕೋರ್ಟಿನಲ್ಲಿ ಮಾಡುವುದು ಇನ್ನೂ ಚಿಕ್ಕದು. ಲೈನಿನ ಹತ್ತಿರ ನಿಂತು ಒಂದು ಉಸಿರು ಪೂರ್ತಿ ಹೊರಗೆ ಬಿಡುವುದು. ಕಾಲಡಿಯ ಮಣ್ಣು ಗೊತ್ತಾಗಬೇಕು. ಆಮೇಲೆ ನಮ್ಮ ಬಾಯಿಂದ ಬರುವ 'ಕಬಡ್ಡಿ ಕಬಡ್ಡಿ' ನಮ್ಮದೇ ಕಿವಿಗೆ ಬೀಳಬೇಕು. ಬೇರೆ ಆಟದವರಿಗೆ ಉಸಿರು ಗಮನಿಸಿ ಅಂತ ಯಾರಾದರೂ ಹೇಳಿಕೊಡಬೇಕು. ನಮಗೆ ಉಸಿರು ತಪ್ಪಿದರೆ ಅಂಪೈರ್ ಶಿಳ್ಳೆ ಹೊಡೆದೇ ಹೇಳುತ್ತಾರೆ! ಈ ವರ್ಷ ಒಬ್ಬ ಹುಡುಗ ಡೂ ಆರ್ ಡೈ ಗೆದ್ದು ಬಂದು ಹೇಳಿದ, "ಅಣ್ಣಾ, ಎದಿ ಡಬಡಬ ಅಂತಾನೇ ಇತ್ತು. ಆದ್ರೂ ಕವರ್‌ನವನ ಕಾಲು ಕಾಣಿಸ್ತು." ನನಗೆ ಬೇಕಾಗಿದ್ದುದೂ ಅಷ್ಟೇ.

ಶೂಟಿಂಗ್, ಡಾರ್ಟ್ಸ್ ಥರದ ಗುರಿ ಇಡುವ ಆಟಗಳಲ್ಲಿ ಇದರ ಫಲ ಸಂಶೋಧನೆಗಳಲ್ಲಿ ಚೆನ್ನಾಗಿ ಕಂಡಿದೆ. ಆದರೆ ಹೆಚ್ಚಿನ ಅಧ್ಯಯನಗಳು ಚಿಕ್ಕ ಗುಂಪುಗಳ ಮೇಲೆ ನಡೆದವು, ಜಾಸ್ತಿ ನೆಚ್ಚಿಕೊಳ್ಳುವಂತಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಶೂಟಿಂಗ್ ಫೈನಲ್ ನೆನಪಿದೆಯಾ? ಕೊನೆಯ ಗುಂಡಿಗೆ ಮುಂಚೆ ಅಭಿನವ್ ಬಿಂದ್ರಾ ಮತ್ತು ಫಿನ್‌ಲೆಂಡ್‌ನ ಹಾಕಿನೆನ್ ಅಂಕ ಸಮ ಇತ್ತು. ಬಿಂದ್ರಾ 10.8 ಹೊಡೆದರು, ಹಾಕಿನೆನ್ 9.7. ಇದು ಧ್ಯಾನದ ಪವಾಡ ಅಂತ ನಾನು ಹೇಳುತ್ತಿಲ್ಲ, ವರ್ಷಗಟ್ಟಲೆ ಸುಟ್ಟ ಗುಂಡುಗಳು ಅದರ ಹಿಂದಿವೆ. ಟಚ್ ಮಾಡಲು ಬಾರದವನು ಎಷ್ಟು ಮೆಟ್ಟಿಲು ಎಣಿಸಿದರೂ ಪಾಯಿಂಟ್ ಬರಲ್ಲ.

ಇನ್ನೊಂದು ಮಾತು. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಗಾಬರಿ ಜಾಸ್ತಿ ಆಗುತ್ತದೆ. ಅಂಥವರು ಬಲವಂತವಾಗಿ ಕೂರಬಾರದು. ಮ್ಯಾಚ್ ಇಲ್ಲದ ದಿನವೂ ನಿದ್ದೆ ಬರದೆ ಎದೆ ಹೊಡೆದುಕೊಳ್ಳುತ್ತಿದ್ದರೆ ಅದು ಆಟದ ವಿಷಯ ಅಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಕಂಪ್ಲಿಯಿಂದ ಹೊಳೆ ದಾಟಿದರೆ ನಮ್ಮ ಕಡೆಯೇ ಅಲ್ವಾ, ಒಂದು ತಿಂಗಳು ನಮ್ಮ ಹುಡುಗರ ಜೊತೆ ಹತ್ತಿ ನೋಡಿ. ಶನಿವಾರ ಬೇಡ, ಹನುಮಪ್ಪನ ಭಕ್ತರು ಜಾಸ್ತಿ. ಬಾಳೆಹಣ್ಣಿನ ಚೀಲವನ್ನಂತೂ ತರಲೇಬೇಡಿ. ಹೋದ ವಾರ ಒಬ್ಬ ಮುನ್ನೂರರ ತನಕ ತಪ್ಪದೆ ಎಣಿಸಿದ್ದ, ಮಂಗ ಬಂದು ಚೀಲ ಕಿತ್ತುಕೊಂಡು ಹೋಯಿತು.