ಸೀಸದ ಕೆಲಸ ಮತ್ತು ಸಂತಾನದ ನಿರೀಕ್ಷೆ: ಒಂದು ಆಪ್ತಸಲಹೆ ಪ್ರಕರಣ

ಈ ದಂಪತಿಯ ಗುರುತು ಸಿಗದಂತೆ ಊರು, ವಯಸ್ಸು ಹಾಗೂ ಕೆಲವು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ಪತಿಗೆ ಮೂವತ್ತರ ಆಸುಪಾಸು. ಹಳೆಯ ಲಾರಿ ಮತ್ತು ಇನ್ವರ್ಟರ್ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸದ ಪ್ಲೇಟುಗಳನ್ನು ಬೇರ್ಪಡಿಸಿ ಕರಗಿಸುವ ಸಣ್ಣ ಘಟಕವೊಂದರಲ್ಲಿ ಅವರು ಹಲವು ವರ್ಷಗಳಿಂದ ದುಡಿಯುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಪತ್ನಿಯ ಪರೀಕ್ಷೆಗಳೆಲ್ಲ ಮುಗಿದು ಯಾವ ತೊಂದರೆಯೂ ಇಲ್ಲವೆಂದು ತಿಳಿದ ಮೇಲೂ ಮನೆಯಲ್ಲಿ ಚುಚ್ಚುಮಾತು ಕೇಳುತ್ತಿದ್ದವರು ಅವರೇ. ಪತಿಯ ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ ಆಯಿತು. ಕಡಿಮೆ ಖರ್ಚಿನ, ನೋವಿಲ್ಲದ ಈ ಪರೀಕ್ಷೆಯನ್ನು ಮೊದಲು ಮಾಡಿಸಬೇಕೆಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಆದರೂ ಬಹುತೇಕ ಮನೆಗಳಲ್ಲಿ ಕ್ರಮ ತಲೆಕೆಳಗಾಗಿಯೇ ಉಳಿದಿದೆ.

ಕೆಲವು ವಾರಗಳ ಅಂತರದಲ್ಲಿ ಮಾಡಿದ ಎರಡು ಪರೀಕ್ಷೆಗಳಲ್ಲೂ ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 90 ಲಕ್ಷದ ಹತ್ತಿರ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುವ ಕೆಳಮಿತಿ 1 ಕೋಟಿ 60 ಲಕ್ಷ. ಮುಂದಕ್ಕೆ ಚಲಿಸುವ ವೀರ್ಯಾಣುಗಳು ಕನಿಷ್ಠ ಶೇ. 30 ಇರಬೇಕಾದಲ್ಲಿ ಅವರಲ್ಲಿ ಶೇ. 18 ಇದ್ದವು. ವೆರಿಕೋಸಿಲ್ (ವೃಷಣದ ರಕ್ತನಾಳಗಳ ಊತ) ಇರಲಿಲ್ಲ, ಹಾರ್ಮೋನುಗಳಲ್ಲಿ ಹೇಳಿಕೊಳ್ಳುವಂತಹ ಏರುಪೇರೂ ಇರಲಿಲ್ಲ. ಕೆಲಸದ ಬಗ್ಗೆ ಅಲ್ಲಿಯವರೆಗೆ ಯಾರೂ ವಿವರವಾಗಿ ಕೇಳಿರಲಿಲ್ಲ. ಕೇಸ್ ಶೀಟಿನಲ್ಲಿ "ಖಾಸಗಿ ನೌಕರಿ" ಎಂದಷ್ಟೇ ಬರೆದಿತ್ತು.

ಪತಿ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. ಅದರಲ್ಲಿ ಆನ್‌ಲೈನಿನಲ್ಲಿ ತರಿಸಿದ ಆ್ಯಂಟಿಆಕ್ಸಿಡೆಂಟ್ (ಜೀವಕೋಶಗಳಿಗೆ ಆಗುವ ಆಕ್ಸಿಜನ್ ಹಾನಿಯನ್ನು ತಡೆಯುವ) ಮಾತ್ರೆಗಳ ಡಬ್ಬಿ, ಒಂದು ಅಶ್ವಗಂಧದ ಚೂರ್ಣ, ಮತ್ತು ಪರಿಚಿತರೊಬ್ಬರು ಕೊಟ್ಟ, ಹೆಸರು ಚೀಟಿಯಿಲ್ಲದ ಬೂದುಬಣ್ಣದ ಭಸ್ಮದ ಪೊಟ್ಟಣಗಳಿದ್ದವು. "ಸೀಸದಿಂದ ಹೀಗಾಗುತ್ತೆ ಅಂತ ಮೊಬೈಲಿನಲ್ಲಿ ಓದಿದೆ. ಇವುಗಳಲ್ಲಿ ಯಾವುದು ತಗೊಂಡ್ರೆ ಕೆಲಸ ಬಿಡದೆ ಸರಿ ಮಾಡ್ಕೋಬಹುದು?" ಎಂಬುದು ಅವರ ನೇರ ಪ್ರಶ್ನೆ. ಅವರು ಓದಿದ್ದರಲ್ಲಿ ಅರ್ಧ ಸತ್ಯವಿತ್ತು. ಆದ್ದರಿಂದ ಅದನ್ನು ತಳ್ಳಿಹಾಕದೆ, ಆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಚಿತ್ರ ಬರೆದು ವಿವರಿಸಿದೆ.

ವೀರ್ಯಾಣುವಿನ ಹೊರಪೊರೆಯಲ್ಲಿ ಬಹು-ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು; ಅವು ಆಕ್ಸಿಜನ್ನಿನ ಚುರುಕು ಕಣಗಳಿಗೆ ಬಹುಬೇಗ ಬಲಿಯಾಗುತ್ತವೆ. ಇತರ ಜೀವಕೋಶಗಳಲ್ಲಿ ಇಂತಹ ಕಣಗಳನ್ನು ತಣಿಸುವ ಕಿಣ್ವಗಳು ಕೋಶರಸದಲ್ಲಿರುತ್ತವೆ, ಆದರೆ ವೀರ್ಯಾಣು ಬೆಳೆಯುವಾಗ ತನ್ನ ಕೋಶರಸದ ಬಹುಪಾಲನ್ನು ಕಳಚಿಕೊಂಡಿರುತ್ತದೆ. ಸೀಸ ಮತ್ತು ಅದರಂತೆಯೇ ವಿಷಕಾರಿ ಲೋಹವಾದ ಕ್ಯಾಡ್ಮಿಯಂ, ಇಂತಹ ಕಣಗಳನ್ನು ತಣಿಸಲು ದೇಹವೇ ತಯಾರಿಸುವ ಗ್ಲುಟಾಥಯೋನ್ ಸಂಗ್ರಹವನ್ನು ಬರಿದುಮಾಡಿ ಈ ಹಾನಿಯನ್ನು ಹೆಚ್ಚಿಸುತ್ತವೆ. ಸಿ ಜೀವಸತ್ವ, ಇ ಜೀವಸತ್ವ, ಅರಿಶಿನದ ಕರ್ಕ್ಯುಮಿನ್, ಟೊಮೇಟೊದ ಲೈಕೊಪಿನ್ ಮೊದಲಾದ ಆ್ಯಂಟಿಆಕ್ಸಿಡೆಂಟುಗಳನ್ನು ಕೊಟ್ಟಾಗ ಇಲಿಗಳ ವೃಷಣಗಳಲ್ಲಿ ಹಾನಿ ತಗ್ಗಿದ್ದನ್ನು ಅನೇಕ ಪ್ರಯೋಗಗಳು ತೋರಿಸಿವೆ. ಕ್ಯಾಡ್ಮಿಯಂ ಇಲಿಗಳ ವೃಷಣವನ್ನು ನಾಶಮಾಡುತ್ತದೆಂದೂ ಸತುವು ಆ ನಾಶವನ್ನು ತಡೆಯಬಲ್ಲದೆಂದೂ ಝೆಕ್ ವಿಜ್ಞಾನಿ ಪಾರಿಜೆಕ್ 1950ರ ದಶಕದಲ್ಲೇ ತೋರಿಸಿದ್ದರು.

ಆದರೆ ಸೀಸ ಮಾಡುವ ಹಾನಿ ಇದೊಂದೇ ಅಲ್ಲ. ವೀರ್ಯಾಣುವಿನ ತಲೆಯಲ್ಲಿ ವಂಶವಾಹಿ ಎಳೆಗಳನ್ನು ಬಿಗಿಯಾಗಿ ಸುತ್ತಿಡುವ ಪ್ರೋಟಮಿನ್ ಎಂಬ ಪ್ರೋಟೀನಿಗೆ ಸತು ಬೇಕು. ಸೀಸ ಆ ಸತುವಿನ ಜಾಗಕ್ಕೆ ಬಂದು ಕೂರುತ್ತದೆ. ಹೀಗೆ ಕೂತ ಲೋಹವನ್ನು ನೆಲ್ಲಿಕಾಯಿಯಾಗಲಿ, ಮಾತ್ರೆಯಾಗಲಿ ಎಬ್ಬಿಸಲಾರದು. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿದರೂ ಮೂಳೆಯೊಳಗೆ ಸೇರಿದ್ದು ದಶಕಗಟ್ಟಲೆ ಉಳಿದು ನಿಧಾನವಾಗಿ ರಕ್ತಕ್ಕೆ ಮರಳುತ್ತಿರುತ್ತದೆ. ಪ್ರಯೋಗದ ಇಲಿಗೆ ಅಳೆದ ಸೀಸವನ್ನು ಕೊಟ್ಟು ಅದರ ಜೊತೆಗೇ ದೊಡ್ಡ ಪ್ರಮಾಣದ ಆ್ಯಂಟಿಆಕ್ಸಿಡೆಂಟ್ ಕೊಡಬಹುದು. ದಿನವೂ ಎಂಟು ಗಂಟೆ ಸೀಸದ ಹೊಗೆಯಲ್ಲಿ ನಿಲ್ಲುವ ಮನುಷ್ಯನಿಗೆ ಆ ಲೆಕ್ಕ ಒಪ್ಪುವುದಿಲ್ಲ. ತೂತು ಮುಚ್ಚದೆ ದೋಣಿಯ ನೀರು ಮೊಗೆದಂತೆ ಅದು.

ಮನುಷ್ಯರ ಮೇಲಿನ ಪುರಾವೆಯನ್ನೂ ಮುಚ್ಚಿಡದೆ ಹೇಳಿದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 2,370 ದಂಪತಿಗಳನ್ನು ಒಳಗೊಂಡ ಅಧ್ಯಯನದಲ್ಲಿ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ ಸೇವಿಸಿದ ಗಂಡಸರ ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಮಕ್ಕಳಾಗುವ ಪ್ರಮಾಣವೂ ಏರಲಿಲ್ಲ. ಅದೇ ವರ್ಷ ಅಲ್ಲಿಯೇ ಹೊರಬಂದ ಇನ್ನೊಂದು ಪ್ರಯೋಗದಲ್ಲಿ ಹಲವು ಆ್ಯಂಟಿಆಕ್ಸಿಡೆಂಟುಗಳ ಮಿಶ್ರಣವೂ ನಿರೀಕ್ಷಿತ ಫಲ ಕೊಡಲಿಲ್ಲ. ಇರಾನಿನ ಬ್ಯಾಟರಿ ಕಾರ್ಖಾನೆಯ ಕಾರ್ಮಿಕರಿಗೆ ಬೆಳ್ಳುಳ್ಳಿಯ ಸಾರದ ಮಾತ್ರೆ ಕೊಟ್ಟಾಗ ರಕ್ತದ ಸೀಸ ತಗ್ಗಿದ್ದು 2012ರಲ್ಲಿ ವರದಿಯಾಗಿದೆ. ಅದು ಆಶಾದಾಯಕ, ಆದರೆ ರಕ್ತದ ಅಂಕಿ ಇಳಿಯುವುದೂ ಮಗುವಾಗುವುದೂ ಒಂದೇ ಅಲ್ಲ.

ಅದೇ ದಿನ ರಕ್ತದ ಸೀಸದ ಪರೀಕ್ಷೆಗೆ ವೈದ್ಯರ ಮೂಲಕ ಬರೆಸಿದೆವು. 100 ಮಿಲಿಲೀಟರಿಗೆ 42 ಮೈಕ್ರೋಗ್ರಾಂ ಎಂದು ಫಲಿತಾಂಶ ಬಂತು. 5 ಮೈಕ್ರೋಗ್ರಾಂ ಮುಟ್ಟಿದರೇ ಸೀಸದ ಮೂಲವನ್ನು ಹುಡುಕಿ ತಡೆಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳನ್ನು ಬಯಸುವ ಕಾರ್ಮಿಕರಲ್ಲಿ, ಗಂಡಾಗಲಿ ಹೆಣ್ಣಾಗಲಿ, ಇದು 30ಕ್ಕಿಂತ ಕೆಳಗಿರಬೇಕೆಂದು ಅಮೆರಿಕದ 1978ರ ಔದ್ಯೋಗಿಕ ನಿಯಮಾವಳಿಯೇ ಹೇಳಿತ್ತು. ಲೋಹವನ್ನು ಹೊರಹಾಕುವ ಕೀಲೇಶನ್ ಚಿಕಿತ್ಸೆ ಈ ಹಂತದಲ್ಲಿ ಬೇಡ, ಮೊದಲು ಸೀಸದಿಂದ ದೂರವಾಗಲಿ ಎಂದು ವೈದ್ಯರು ನಿರ್ಧರಿಸಿದರು.

ಭಸ್ಮವನ್ನು ಆ ದಿನವೇ ನಿಲ್ಲಿಸಲು ಹೇಳಿದೆ. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ಅಮೆರಿಕನ್ ಅಧ್ಯಯನವು ಅವುಗಳಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತ್ತು. ಲೋಹ ಸೇರಿಸಿ ತಯಾರಿಸುವ ರಸೌಷಧಿಗಳಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚು. ಸೀಸದಿಂದ ನೊಂದ ದೇಹಕ್ಕೆ ಏನಿದೆಯೆಂದೇ ತಿಳಿಯದ ಭಸ್ಮ ಕೊಡುವುದನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿರುವುದರಿಂದ ಅದನ್ನೂ ವೈದ್ಯರು ನೋಡಿ ಹೇಳುವವರೆಗೆ ಬದಿಗಿಡಿ ಎಂದೆ. ಡಬ್ಬಿಯ ಮಾತ್ರೆಗಳಲ್ಲಿ ಇ ಜೀವಸತ್ವ ಮತ್ತು ಸೆಲೆನಿಯಂ ಹೆಚ್ಚಿದ್ದವು. "ನೈಸರ್ಗಿಕ" ಎಂದು ಬರೆದಿದ್ದರೂ ಇವು ಅತಿಯಾದರೆ ಅಪಾಯವೇ.

ಊಟದ ವಿಷಯದಲ್ಲಿ ಮಾತ್ರ ಬಹಳ ಹೊತ್ತು ಮಾತಾಡಿದೆವು, ಏಕೆಂದರೆ ಅಲ್ಲಿ ನಿಜವಾದ ಲಾಭವಿದೆ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಲ್ಪಡುತ್ತದೆ; ಕ್ಯಾಲ್ಸಿಯಂ ಮತ್ತು ಕಬ್ಬಿಣ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಇವರು ಬೆಳಿಗ್ಗೆ ಬರೀ ಚಹಾ ಕುಡಿದು ಕೆಲಸಕ್ಕೆ ಹೋಗಿ, ಹತ್ತೂವರೆಗೆ ಅದೇ ಕೈಯಲ್ಲಿ ಬೀಡಿ ಹಚ್ಚುತ್ತಿದ್ದರು. ಬೀಡಿಯ ಮೂಲಕ ಕೈಯ ಸೀಸದ ಧೂಳು ಬಾಯಿಗೆ, ತಂಬಾಕಿನ ಕ್ಯಾಡ್ಮಿಯಂ ಶ್ವಾಸಕೋಶಕ್ಕೆ ಹೋಗುತ್ತಿತ್ತು. ರಾಗಿ ಮುದ್ದೆ ಅಥವಾ ರೊಟ್ಟಿ ತಿಂದೇ ಮನೆ ಬಿಡುವುದು, ಜೊತೆಗೆ ಮಜ್ಜಿಗೆ, ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು, ಸಾರಿಗೆ ಧಾರಾಳವಾಗಿ ಬೆಳ್ಳುಳ್ಳಿ ಎಂದು ಬರೆದುಕೊಟ್ಟೆ. ಪತ್ನಿ ಓದಿ, ಇವೆಲ್ಲ ಅಡುಗೆಮನೆಯಲ್ಲೇ ಇವೆಯಲ್ಲ ಎಂದರು. ಅರಿಶಿನದ ವಿಷಯದಲ್ಲಿ ಒಂದು ಎಚ್ಚರಿಕೆ ಸೇರಿಸಿದೆ: ಹೊಳಪಿಗಾಗಿ ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವುದು ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಗಿತ್ತು, ನಮ್ಮ ದೇಶದ ಮಾರುಕಟ್ಟೆಗಳಲ್ಲೂ ಇಂತಹ ಕಲಬೆರಕೆ ಸಿಕ್ಕಿದೆ. ಬಿಡಿ ಪುಡಿಯ ಬದಲು ಕೊಂಬು ತಂದು ಪುಡಿಮಾಡಿಸುವುದು ಒಳ್ಳೆಯದು.

ಕೆಲಸ ಬಿಡುವ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ, ತಂಗಿಯ ಮದುವೆಯ ಸಾಲವೂ ಇತ್ತು. ಕೆಲಸ ಬಿಡಿ ಎಂದು ಸುಲಭವಾಗಿ ಹೇಳಿ ಕಳಿಸುವುದು ಸಲಹೆಯಲ್ಲ. ಸೀಸದ ವಿಷಬಾಧೆ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆಯೆಂದು ವಿವರಿಸಿ, ವೈದ್ಯರ ಪತ್ರದೊಂದಿಗೆ ಮಾಲೀಕರ ಬಳಿ ಬೇರೆ ವಿಭಾಗ ಕೇಳಲು ಒಪ್ಪಿಸಿದೆ. ಅವರನ್ನು ಕುಲುಮೆಯಿಂದ ಬಿಡಿಸಿ ಹೊಸ ಬ್ಯಾಟರಿಗಳ ಮಾರಾಟ ಮಳಿಗೆಗೆ ಹಾಕಿದರು. ಸಂಬಳ ಸ್ವಲ್ಪ ಕಡಿಮೆಯಾಯಿತು.

ಕೆಲಸದ ಬಟ್ಟೆಯನ್ನು ಪತ್ನಿ ಇಷ್ಟು ವರ್ಷ ಮನೆಬಟ್ಟೆಯ ಜೊತೆಗೇ, ಒಣಗಿದ್ದನ್ನು ಕೊಡವಿ ಒಗೆಯುತ್ತಿದ್ದರು. ಅವರ ರಕ್ತವನ್ನೂ ಪರೀಕ್ಷಿಸಿದಾಗ 9 ಮೈಕ್ರೋಗ್ರಾಂ ಬಂತು. ಗರ್ಭಾವಸ್ಥೆಯಲ್ಲಿ ತಾಯಿಯ ಮೂಳೆಯ ಸೀಸ ಕರಗಿ ಮಗುವಿಗೆ ದಾಟುವುದರಿಂದ ಇದು ಸಣ್ಣ ಸಂಗತಿಯಲ್ಲ. ಮನೆಯ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹಳೆಯ ಕೆಲಸದ ಬಟ್ಟೆ ಮತ್ತು ಚಪ್ಪಲಿಗಳನ್ನು ಮನೆಯಿಂದ ಹೊರಹಾಕುವುದು, ವೈದ್ಯರು ಬರೆದ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ತಪ್ಪಿಸದಿರುವುದು, ಇಬ್ಬರ ಅಂಕಿಗಳೂ ಇಳಿಯುವವರೆಗೆ ಗರ್ಭಧಾರಣೆಯನ್ನು ಮುಂದೂಡುವುದು ಎಂದು ತೀರ್ಮಾನಿಸಿದೆವು. ನಾಲ್ಕು ವರ್ಷ ಕಾದವರಿಗೆ ಇನ್ನೂ ಕಾಯಿರಿ ಎನ್ನುವುದು ಕಠಿಣ. ಪತ್ನಿ ಅತ್ತರು. ಅತ್ತೆಯನ್ನು ಮುಂದಿನ ಭೇಟಿಗೆ ಕರೆಸಿ, ಪತಿಯ ಒಪ್ಪಿಗೆ ಪಡೆದು, ಕಾರಣ ಸೊಸೆಯಲ್ಲವೆಂದು ವರದಿ ತೋರಿಸಿ ಹೇಳಿದೆ.

ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ ಅದಕ್ಕೆ ಮೊದಲು ಮರುಪರೀಕ್ಷೆ ಬೇಡವೆಂದಿದ್ದೆ. ನಾಲ್ಕು ತಿಂಗಳ ನಂತರ ಪತಿಯ ರಕ್ತದ ಸೀಸ 27ಕ್ಕೆ ಇಳಿದಿತ್ತು, ವೀರ್ಯಾಣುಗಳು ಮಿಲಿಲೀಟರಿಗೆ 1 ಕೋಟಿ 40 ಲಕ್ಷವಾಗಿದ್ದವು, ಪತ್ನಿಯ ಅಂಕಿ 6ಕ್ಕೆ ಬಂದಿತ್ತು. ನೆಲ್ಲಿಕಾಯಿಯ ಫಲವೆಂದು ಪತಿ ಸಂತೋಷಪಟ್ಟರು. ವೀರ್ಯದ ಅಂಕಿಗಳು ತಾವಾಗಿಯೂ ಏರಿಳಿಯುತ್ತವೆ, ಕುಲುಮೆಯಿಂದ ದೂರವಾದದ್ದೂ ಬೀಡಿ ಬಿಟ್ಟದ್ದೂ ಇದರಲ್ಲಿ ದೊಡ್ಡ ಪಾಲು ಪಡೆದಿರಬೇಕು, ನೆಲ್ಲಿಕಾಯಿಯನ್ನು ಮಾತ್ರ ಬಿಡಬೇಡಿ ಎಂದೆ. ಸಂಬಳ ಹೆಚ್ಚೆಂದು ಮತ್ತೆ ಕುಲುಮೆಗೆ ಕರೆ ಬಂದಿದೆಯೆಂದು ಅವರು ಹೊರಡುವಾಗ ತಿಳಿಸಿದರು. ಹೋಗುವುದಿಲ್ಲವೆಂದು ಪತ್ನಿ ಅವರ ಪರವಾಗಿ ಉತ್ತರಿಸಿದರು. ಮೂರು ತಿಂಗಳ ನಂತರದ ರಕ್ತ ಪರೀಕ್ಷೆಗೆ ಇಬ್ಬರ ಹೆಸರನ್ನೂ ಬರೆದುಕೊಂಡಿದ್ದೇನೆ.